ಬ್ರೇಕ್ ಆಯಿಲ್ ಹೋದದ್ದೆಲ್ಲಿಗೆ?

ಪಾವಗಡದ ನಮ್ಮ ಮನೆಯಲ್ಲಿ ಹಳೆಯ ವ್ಯಾನೊಂದಿತ್ತು. ಒಂದೇ ವರ್ಷದಲ್ಲಿ ಎರಡು ಸಲ ಅದರ ಬ್ರೇಕ್ ಪೆಡಲು ಮೆತ್ತಗಾಯಿತು. ಎರಡು ಸಲವೂ ಅಪ್ಪ ಬ್ರೇಕ್ ಆಯಿಲ್ ತುಂಬಿಸಿ, ಗಾಳಿ ತೆಗೆಸಿ, ‘ಸರಿಹೋಯಿತು’ ಎಂದರು. ಮೂರನೆಯ ಸಲ ಮಧುಗಿರಿ, ಕೊರಟಗೆರೆ ದಾಟಿ ದೇವರಾಯನದುರ್ಗಕ್ಕೆ ಹೋಗಿದ್ದೆವು. ಬೆಟ್ಟ ಇಳಿಯುವಾಗ ಪೆಡಲು ನೆಲ ಮುಟ್ಟಿತು. ಹಿಂದೆ ಅಜ್ಜಿ, ಅಮ್ಮ, ತಂಗಿ ಕುಳಿತಿದ್ದರು. ಗಾಡಿ ಮೊದಲನೆಯ ಗೇರಿನಲ್ಲಿದ್ದುದರಿಂದ ಅಪ್ಪ ಹ್ಯಾಂಡ್ ಬ್ರೇಕನ್ನು ಮೆಲ್ಲನೆ ಎಳೆದು ನಿಲ್ಲಿಸಿದರು.

ಬ್ರೇಕು ಕೆಲಸ ಮಾಡುವ ಬಗೆ ನಿಮ್ಮ ಪಾಠದಲ್ಲೇ ಇದೆ. 17ನೆಯ ಶತಮಾನದ ಫ್ರೆಂಚ್ ವಿಜ್ಞಾನಿ ಪ್ಯಾಸ್ಕಲ್ ತಿಳಿಸಿದಂತೆ, ಮುಚ್ಚಿದ ದ್ರವವನ್ನು ಒಂದೆಡೆ ಒತ್ತಿದರೆ ಆ ಒತ್ತಡ ಎಲ್ಲೆಡೆಗೂ ಸಮನಾಗಿ ಹರಡುತ್ತದೆ. ಕಾಲಿನ ಒತ್ತಡ ಚಕ್ರಗಳಿಗೆ ತಲಪುವುದು ಹೀಗೆ. ಆದರೆ ಕೊಳವೆಯೊಳಗೆ ಗಾಳಿ ಸೇರಿದರೆ ನಮ್ಮ ಶ್ರಮವೆಲ್ಲ ಆ ಗಾಳಿಯನ್ನು ಕುಗ್ಗಿಸುವುದರಲ್ಲೇ ಮುಗಿಯುತ್ತದೆ.

ಗಾಳಿ ತೆಗೆಸಿದೆವು, ನಿಜ. ಅದು ಒಳಹೊಕ್ಕಿದ್ದು ಹೇಗೆಂದು ಕೇಳಲಿಲ್ಲ. ಬ್ರೇಕ್ ಆಯಿಲ್ ಪೆಟ್ರೋಲಿನಂತೆ ಉರಿದು ಖರ್ಚಾಗುವುದಿಲ್ಲ. ಅದರ ಮಟ್ಟ ಇಳಿದರೆ ಲೈನರ್ ಸವೆದಿರಬೇಕು, ಇಲ್ಲವೇ ಎಲ್ಲೋ ಸೋರುತ್ತಿರಬೇಕು. ನಮ್ಮ ವ್ಯಾನಿನ ಹಿಂದಿನ ಚಕ್ರದ ಡ್ರಮ್ ಬಿಚ್ಚಿಸಿದಾಗ ಒಳಗೆಲ್ಲ ಒದ್ದೆ! ಹಿಂದೊಮ್ಮೆ ದಾರಿಯಲ್ಲಿ ಆಯಿಲ್ ಸಿಗದೆ ಎಂಜಿನ್ ಆಯಿಲ್ಲನ್ನೇ ಸುರಿದಿದ್ದೆವು. ಅದರಿಂದ ರಬ್ಬರ್ ಕಪ್ಪುಗಳು ಊದಿಕೊಂಡು ಹಾಳಾಗಿದ್ದವು. ಎಲ್ಲ ಕಪ್ಪುಗಳನ್ನೂ ಬದಲಾಯಿಸಿ, ಕೊಳವೆಗಳನ್ನು ತೊಳೆಸಿದ ಮೇಲೆಯೇ ಆ ಕಾಟ ತಪ್ಪಿತು.

ಇನ್ನೊಂದು ಮಾತು. ಸಾಮಾನ್ಯ ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಮಳೆ ಕಡಿಮೆಯಾದ ನಮ್ಮ ಸೀಮೆಯಲ್ಲೂ ಇದು ತಪ್ಪದು. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಷಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕು ಒತ್ತುತ್ತಲೇ ಇದ್ದರೆ ಆಯಿಲ್ ಕಾದು ಕುದಿದು ಆವಿಯ ಗುಳ್ಳೆಗಳೇಳುತ್ತವೆ, ಪೆಡಲು ಮೆತ್ತಗಾಗುತ್ತದೆ. ಆದ್ದರಿಂದ ಬೆಟ್ಟವನ್ನು ಕೆಳಗಿನ ಗೇರಿನಲ್ಲೇ ಇಳಿಯಬೇಕು. ತಯಾರಕರು ಹೇಳಿದ ಅವಧಿಗೆ ಆಯಿಲ್ ಬದಲಾಯಿಸಬೇಕು.

ಈ ಭಾನುವಾರ ನಿಮ್ಮ ಮನೆಯ ಗಾಡಿಯ ಆಯಿಲ್ ಡಬ್ಬಿಯನ್ನು ನೋಡಿ. ಮಟ್ಟ ಎಲ್ಲಿದೆಯೆಂದು ಬರೆದಿಡಿ. ಚಕ್ರಗಳ ಒಳಬದಿ ಒದ್ದೆಯಿದೆಯೇ ಗಮನಿಸಿ. ಗಾಡಿ ನಿಂತಿರುವಾಗ ಹಿರಿಯರು ಪೆಡಲನ್ನು ಅರ್ಧ ನಿಮಿಷ ಒತ್ತಿಹಿಡಿಯಲಿ. ಅದು ಮೆಲ್ಲನೆ ಕೆಳಗಿಳಿದರೆ ಗಾಡಿಯನ್ನು ರಸ್ತೆಗೆ ತರುವುದು ಬೇಡ. ಮೆಕ್ಯಾನಿಕ್ ‘ತುಂಬಿಸಿದ್ದೇನೆ’ ಎಂದರೆ, ‘ಮೊದಲಿದ್ದದ್ದು ಎಲ್ಲಿಗೆ ಹೋಯಿತಣ್ಣ?’ ಎಂದು ಕೇಳಿ. ಕೇಳಲು ಸಂಕೋಚ ಬೇಡ. ನಾವು ಮೊದಲ ಸಲವೇ ಕೇಳಬೇಕಾಗಿತ್ತು.