ದುರ್ಗಗಳನ್ನು ಬರೆದ ರಾಬರ್ಟ್ ಹೋಮ್



ಬರಗೂರಿನ ಕಡೆಯಿಂದ ಮಧುಗಿರಿಗೆ ಹೋಗಿಬರುವವರಿಗೆ ಅಲ್ಲಿಯ ಏಕಶಿಲೆಯ ಕೋಟೆಬೆಟ್ಟವು ನಿತ್ಯದ ನೋಟವಾದುದರಿಂದಲೇ ಏನೋ, ಅದನ್ನು ನಿಂತು ನೋಡುವವರು ವಿರಳ. ಇಂತಹ ನಮ್ಮ ಗಿರಿದುರ್ಗಗಳನ್ನು ನಿಂತು ನೋಡಿ ಕಾಗದಕ್ಕಿಳಿಸಿದ ಪರದೇಶಿಗಳಲ್ಲಿ ರಾಬರ್ಟ್ ಹೋಮ್ ಎಂಬ ಆಂಗ್ಲ ಚಿತ್ರಕಾರನೊಬ್ಬನು. ಡೇನಿಯಲ್ ಮನೆತನದ ಚಿತ್ರಕಾರರ ಕೀರ್ತಿಯ ಮುಂದೆ ಅವನ ಹೆಸರು ಮಸುಕಾಗಿದೆ.

1752ರಲ್ಲಿ ಹಲ್ ಪಟ್ಟಣದಲ್ಲಿ ಜನಿಸಿ, ಆಂಜೆಲಿಕಾ ಕೌಫ್‌ಮನ್ ಎಂಬ ಪ್ರಖ್ಯಾತ ಚಿತ್ರಕರ್ತ್ರಿಯಲ್ಲಿ ಶಿಷ್ಯವೃತ್ತಿಗೈದು, ರೋಮಿನಲ್ಲಿ ಅಭ್ಯಾಸಮಾಡಿ, ಡಬ್ಲಿನ್ನಿನಲ್ಲಿ ಭಾವಚಿತ್ರಗಳನ್ನು ಬರೆದು ಜೀವಿಸುತ್ತಿದ್ದ ಈತನು, 1791ರಲ್ಲಿ ಮದರಾಸಿಗೆ ಬಂದಿಳಿದು, ಟಿಪ್ಪುವಿನ ಮೇಲೆ ದಂಡೆತ್ತಿ ಹೊರಟಿದ್ದ ಇಂಗ್ಲಿಷ್ ದಂಡನಾಯಕ ಕಾರ್ನ್‌ವಾಲಿಸನ ಅನುಮತಿಯನ್ನು ಪಡೆದು ಸೈನ್ಯದ ಬೆನ್ನುಹತ್ತಿದನು. ಆ ಒಂದೇ ವರ್ಷದಲ್ಲಿ ಬೆಂಗಳೂರಿನ ಕೋಟೆ ಮಾರ್ಚಿನಲ್ಲಿಯೂ, ನಂದಿದುರ್ಗ ಅಕ್ಟೋಬರಿನಲ್ಲಿಯೂ, ಸಾವನದುರ್ಗ ಡಿಸೆಂಬರಿನಲ್ಲಿಯೂ ಶತ್ರುವಶವಾದುವು. ಫಿರಂಗಿಯವರು ಗೋಡೆ ಒಡೆಯಲು ಎಡೆ ಹುಡುಕುತ್ತಿದ್ದ ಬಂಡೆಗಳಲ್ಲಿ ಹೋಮನು ನೆಳಲು ಬೆಳಕುಗಳನ್ನು ಹುಡುಕಿದನು. ತಾಮ್ರದ ತಗಡುಗಳ ಮೇಲೆ ಕೊರೆಯಿಸಿ ಅಚ್ಚುಹಾಕಿಸಿದ ಅವನ ಮೈಸೂರು ಸೀಮೆಯ ದೃಶ್ಯಗಳ ಗ್ರಂಥವು 1794ರಲ್ಲಿ ಲಂಡನ್ನಿನಲ್ಲಿ ಹೊರಬಂದಿತು. ಅದೇ ದಂಡಿನ ಫಿರಂಗಿಪಡೆಯ ಜೇಮ್ಸ್ ಹಂಟರನೂ ಚಿತ್ರಗಳನ್ನು ಬರೆದನು. ಪಾಪ, 1792ರಲ್ಲಿಯೇ ತೀರಿಕೊಂಡ ಅವನಿಗೆ ಆ ಚಿತ್ರಗಳು ಪುಸ್ತಕವಾದುದನ್ನು ನೋಡುವ ಭಾಗ್ಯವಿರಲಿಲ್ಲ.

ಯುದ್ಧ ಮುಗಿದಾಗ ಟಿಪ್ಪುವಿನ ಇಬ್ಬರು ಬಾಲಪುತ್ರರನ್ನು ಕಾರ್ನ್‌ವಾಲಿಸನು ಒತ್ತೆಯಾಗಿ ಸ್ವೀಕರಿಸುವ ಹೋಮನ ದೊಡ್ಡ ಚಿತ್ರವೊಂದು ಲಂಡನ್ನಿನ ಸೇನಾ ವಸ್ತುಸಂಗ್ರಹಾಲಯದಲ್ಲಿದೆ. ಆನೆ, ಸಿಪಾಯಿ, ಸರದಾರರ ಆ ಸಂದಣಿಯ ಎಡತುದಿಯಲ್ಲಿ, ಕಂಕುಳಲ್ಲಿ ಚಿತ್ರಗಳ ಕಡತವನ್ನಿಟ್ಟುಕೊಂಡ ಒಬ್ಬ ಮನುಷ್ಯನಿದ್ದಾನೆ, ಅವನೇ ಹೋಮ್. ಗೆದ್ದವನ ಔದಾರ್ಯವನ್ನು ಮೆರೆಯಿಸುವುದಕ್ಕಾಗಿ ಬರೆದ ಆ ಚಿತ್ರದಲ್ಲಿ, ತಂದೆಯನ್ನಗಲಿ ಬಂದ ಎಳೆಯರ ದುಃಖಕ್ಕಿಂತ ದೊರೆಯ ಗಾಂಭೀರ್ಯವೇ ಹೆಚ್ಚು. ನನ್ನ ಮಟ್ಟಿಗೆ ಅವನ ಬೆಟ್ಟಗಳೇ ಹೆಚ್ಚು ಸತ್ಯವಂತ. ಬಂಡೆಗೆ ಮುಖಸ್ತುತಿಯ ಅಗತ್ಯವಿಲ್ಲವಷ್ಟೆ.

ಆಮೇಲೆ ಅವನು ಕಲ್ಕತ್ತೆಗೆ ಹೋಗಿ, ಏಷಿಯಾಟಿಕ್ ಸೊಸೈಟಿಯ ಕಾರ್ಯದರ್ಶಿಯಾಗಿ, ಬಳಿಕ ಲಖನೌ ನವಾಬನ ಆಸ್ಥಾನ ಚಿತ್ರಕಾರನಾಗಿ, 1834ರಲ್ಲಿ ಕಾನ್ಪುರದಲ್ಲಿ ಮೃತನಾದನು.

ದಂಡಿನೊಡನೆ ಬಂದವನು ನಮ್ಮ ದುರ್ಗಗಳನ್ನು ಬರೆದುಕೊಂಡು ಹೋದನು. ಮಧುಗಿರಿ, ಮಿಡಿಗೇಶಿ, ಪಾವಗಡಗಳ ಬೆಟ್ಟಗಳೋ ಇಲ್ಲಿಯೇ ಇವೆ, ಯುದ್ಧವೂ ಇಲ್ಲ. ಈ ಸೀಮೆಯ ಶಾಲೆಗಳ ಚಿತ್ರಕಲಾ ಉಪಾಧ್ಯಾಯರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಬೆಟ್ಟದ ತಪ್ಪಲಿಗೆ ಕರೆದೊಯ್ದು, ಕೈಗೆ ಕಾಗದ, ಪೆನ್ಸಿಲುಗಳನ್ನು ಕೊಟ್ಟು ಕೂರಿಸಿರಿ.