ಸಸಾರಜನಕದ ಎಳೆಯ ಮಡಿಪು: ಲೇಸರ್ ಕಿರಣ ತೋರುವ ಸಂಗತಿ



ಸೋಯಾ ಅವರೆಯನ್ನು ಹಸಿಯಾಗಿಯೇ ಅರೆದು ಕೋಳಿಗಳಿಗೆ ಹಾಕಿದರೆ ಅವು ಸರಿಯಾಗಿ ಬೆಳೆಯುವುದಿಲ್ಲ. ಅದೇ ಕಾಳನ್ನು ಹದವಾಗಿ ಹುರಿದು ಅಥವಾ ಬೇಯಿಸಿ ಕೊಟ್ಟರೆ ಮೈ ತುಂಬಿಕೊಳ್ಳುತ್ತವೆ. ಅಮೆರಿಕದ ಆಸ್ಬೋರ್ನ್ ಮತ್ತು ಮೆಂಡೆಲ್ ಎಂಬ ವಿಜ್ಞಾನಿಗಳು 1917ರಲ್ಲಿಯೇ ಇಲಿಗಳಿಗೆ ಸೋಯಾ ತಿನ್ನಿಸಿ ಈ ವ್ಯತ್ಯಾಸವನ್ನು ತೋರಿಸಿದ್ದರು. ಹಸಿ ಕಾಳಿನಲ್ಲಿ ಟ್ರಿಪ್ಸಿನ್ ಎಂಬ ಜೀರ್ಣಕಿಣ್ವವನ್ನು ತಡೆಯುವ ಸಸಾರಜನಕಗಳಿವೆ. ಬೇಯಿಸಿದಾಗ ಅವುಗಳಲ್ಲಿನ ಅಮೈನೋ ಆಮ್ಲಗಳ ಸಾಲು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಅದರ ಮಡಿಪು ಮಾತ್ರ ಕೆಡುತ್ತದೆ. ಮಡಿಪು ಕೆಟ್ಟರೆ ಕೆಲಸವೂ ಕೆಟ್ಟಿತು.

ಸಸಾರಜನಕವೆಂದರೆ ಅಮೈನೋ ಆಮ್ಲಗಳೆಂಬ ಮಣಿಗಳ ಸರ. ಬೆಳೆ ಹೀರಿದ ಸಾರಜನಕದ ಬಹುಪಾಲು ಸೇರುವುದು ಈ ಸರಕ್ಕೇ. ಕೆಲವೇ ಮಣಿಗಳ ಗಿಡ್ಡ ಸರಕ್ಕೆ ಪೆಪ್ಟೈಡ್ ಎಂದು ಹೆಸರು. ಸರದ ಉದ್ದಕ್ಕೂ ಸಾರಜನಕಕ್ಕೆ ಅಂಟಿದ ಜಲಜನಕವೂ ಇಂಗಾಲಕ್ಕೆ ಅಂಟಿದ ಆಮ್ಲಜನಕವೂ ಇರುತ್ತವೆ. ಈ ಜಲಜನಕ ಮತ್ತು ಆಮ್ಲಜನಕಗಳು ಒಂದನ್ನೊಂದು ಮೆಲ್ಲಗೆ ಹಿಡಿದುಕೊಂಡಾಗ ಸರ ಬಾಗುತ್ತದೆ. ಇದಕ್ಕೆ ಜಲಜನಕ ಬಂಧವೆನ್ನುತ್ತಾರೆ. ಆದರೆ ಜೀವಕೋಶದಲ್ಲಿ ಸುತ್ತಲೂ ನೀರಿರುತ್ತದೆ. ನೀರಿನ ಅಣುಗಳೂ ಅದೇ ಜಾಗಗಳಿಗೆ ಕೈ ಹಾಕುತ್ತವೆ. ಹೀಗಿರುವಾಗ ಮಡಿಪಿನಲ್ಲಿ ಸರದ ಸ್ವಂತ ಗುಣವೆಷ್ಟು, ನೀರಿನ ಪಾಲೆಷ್ಟು? ಗೊಬ್ಬರದ ಪ್ರಯೋಗದಲ್ಲಿ ಗೊಬ್ಬರ ಹಾಕದ ಒಂದು ತಾಕನ್ನು ಹೋಲಿಕೆಗಾಗಿ ಬಿಡುತ್ತೇವಷ್ಟೆ. ಹಾಗೆಯೇ ಇಲ್ಲಿ ನೀರೇ ಇಲ್ಲದ ತಾಕು ಬೇಕು. ಪೆಪ್ಟೈಡನ್ನು ಅನಿಲ ಸ್ಥಿತಿಗೆ ತಂದರೆ ಅಂತಹ ತಾಕು ಸಿಕ್ಕಂತಾಯಿತು.

ಲೆಕ್ಕಾಚಾರದಲ್ಲಿ ಇಂತಹ ತಾಕನ್ನು ನಮ್ಮ ದೇಶದವರೇ ಹಾಕಿದ್ದುಂಟು. ಮದ್ರಾಸ್ ವಿಶ್ವವಿದ್ಯಾನಿಲಯದಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು, ಪರಮಾಣುಗಳು ಒಂದಕ್ಕೊಂದು ತಾಗದಂತೆ ಸರವು ಯಾವ ಕೋನಗಳಲ್ಲಿ ತಿರುಗಬಲ್ಲದೆಂಬುದನ್ನು 1963ರಲ್ಲಿ ನಕ್ಷೆಯಾಗಿ ಪ್ರಕಟಿಸಿದರು. ಆ ಲೆಕ್ಕದಲ್ಲಿ ನೀರು ಇರಲಿಲ್ಲ. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣು ಜೀವಭೌತ ವಿಭಾಗವನ್ನು ಕಟ್ಟಿದರು.

ಪ್ರಯೋಗದಲ್ಲಿ ಇದನ್ನು ಸಾಧಿಸುವುದು ಸುಲಭವಲ್ಲ. ಬಾಣಲೆಯಲ್ಲಿಟ್ಟ ಸಕ್ಕರೆ ಆವಿಯಾಗುವ ಬದಲು ಕರಿಕಾಗುವಂತೆ ಪೆಪ್ಟೈಡೂ ಕಾಯಿಸಿದರೆ ಸುಟ್ಟುಹೋಗುತ್ತದೆ. ಆದ್ದರಿಂದ ಅದನ್ನು ಗ್ರಾಫೈಟಿನ ಮೇಲೆ ಸವರಿ, ಸೆಕೆಂಡಿನ ಕೋಟಿಯ ಒಂದಂಶಕ್ಕಿಂತ ಕಡಿಮೆ ಹೊತ್ತು ಇರುವ ಲೇಸರ್ ಮಿಂಚಿನಿಂದ ಎಬ್ಬಿಸುತ್ತಾರೆ. ಎದ್ದ ಅಣುಗಳನ್ನು, ಸಣ್ಣ ರಂಧ್ರದಿಂದ ನಿರ್ವಾತಕ್ಕೆ ರಭಸವಾಗಿ ನುಗ್ಗುವ ಆರ್ಗಾನ್ ಅನಿಲ ಹೊತ್ತೊಯ್ಯುತ್ತದೆ. ಸೈಕಲ್ ಟ್ಯೂಬಿನಿಂದ ಹೊರನುಗ್ಗುವ ಗಾಳಿ ಕೈಗೆ ತಣ್ಣಗೆ ತಗಲುವುದನ್ನು ಎಲ್ಲರೂ ಬಲ್ಲರು. ಇಲ್ಲಿ ಆ ತಂಪು ಸೊನ್ನೆಗಿಂತ 200 ಡಿಗ್ರಿಗೂ ಹೆಚ್ಚು ಕೆಳಗಿಳಿಯುತ್ತದೆ. ಅಣುಗಳು ಒದ್ದಾಟ ಬಿಟ್ಟು ಒಂದೊಂದು ಭಂಗಿಯಲ್ಲಿ ನಿಲ್ಲುತ್ತವೆ. ಷಿಕಾಗೋ ವಿಶ್ವವಿದ್ಯಾನಿಲಯದ ಲೆವಿ ಮತ್ತು ಸಂಗಡಿಗರು 1980ರ ದಶಕದಲ್ಲಿ ಟ್ರಿಪ್ಟೊಫಾನ್ ಎಂಬ ಒಂದೇ ಅಮೈನೋ ಆಮ್ಲವನ್ನು ಹೀಗೆ ತಣಿಸಿದಾಗ ಅದರಲ್ಲಿ ಆರು ಭಂಗಿಗಳು ಕಂಡುಬಂದವು.

ಈಗ ಭಂಗಿಯನ್ನು ಓದುವ ಬಗೆ. ಅತಿನೇರಳೆ ಲೇಸರನ್ನು ಒಂದೇ ಭಂಗಿಗೆ ಹೊಂದಿಸಿ, ಆ ಅಣುಗಳಿಗೆ ವಿದ್ಯುದಂಶ ಬರುವಂತೆ ಮಾಡಿ ಎಣಿಸುತ್ತಾರೆ. ಅದಕ್ಕೆ ತುಸು ಮುಂಚೆ ಅವಕೆಂಪು ಲೇಸರನ್ನು ಹಾಯಿಸುತ್ತಾರೆ. ಅದರ ಬಣ್ಣ ಆ ಭಂಗಿಯ ಯಾವುದಾದರೊಂದು ಕಂಪನಕ್ಕೆ ಸರಿಹೊಂದಿದರೆ ಎಣಿಕೆ ತಟ್ಟನೆ ಇಳಿಯುತ್ತದೆ. ಎಲ್ಲೆಲ್ಲಿ ಇಳಿಯಿತೆಂದು ಗುರುತು ಹಾಕಿದರೆ ಅದೇ ಆ ಒಂದು ಭಂಗಿಯ ರೋಹಿತ. ಯಾರ ಹಿಡಿತಕ್ಕೂ ಸಿಗದ ಸಾರಜನಕ–ಜಲಜನಕ ಜೋಡಿ ಸೆಂಟಿಮೀಟರಿಗೆ ಸುಮಾರು 3450 ಅಲೆಗಳಿರುವ ಬೆಳಕಿಗೆ ಕಂಪಿಸುತ್ತದೆ. ಜಲಜನಕ ಬಂಧದಲ್ಲಿ ಸಿಕ್ಕಿದ್ದರೆ, ತಂತಿ ಸಡಿಲಿದಾಗ ಶ್ರುತಿ ಇಳಿಯುವಂತೆ, ಇದು 3400ಕ್ಕಿಂತಲೂ ಕೆಳಗಿಳಿಯಬಹುದು. ರೋಹಿತವೊಂದೇ ಸಾಲದು, ಗಣಕದಲ್ಲಿ ಲೆಕ್ಕ ಹಾಕಿದ ಆಕಾರಗಳೊಡನೆ ಅದನ್ನು ತಾಳೆ ನೋಡಬೇಕು. ತಾಳೆಯಾಗದಿದ್ದರೆ ಲೆಕ್ಕದ ವಿಧಾನವನ್ನೇ ತಿದ್ದಬೇಕಾದೀತು. ಈ ಕೆಲಸದ ದೊಡ್ಡ ಲಾಭ ಇದೇ ಎನ್ನಬೇಕು.

ಫ್ರಾನ್ಸಿನ ಸಾಕ್ಲೆಯಲ್ಲಿ ಮಿಷೆಲ್ ಮಾನ್ಸ್ ಅವರ ತಂಡ ಎರಡು ಮೂರು ಮಣಿಗಳ ಸರಗಳನ್ನು ಈ ರೀತಿ ಪರೀಕ್ಷಿಸಿತು. ದೊಡ್ಡ ಸಸಾರಜನಕಗಳಲ್ಲಿ ಕಾಣುವಂತಹ ತಿರುವುಗಳು ನೀರಿಲ್ಲದ ಗಿಡ್ಡ ಸರಗಳಲ್ಲಿಯೂ ಇದ್ದವು. ಅಂದರೆ ತಿರುಗುವ ಗುಣ ಸರದ ಮೈಯಲ್ಲೇ ಇದೆ.

ಇದರಿಂದ ಎಕರೆಗೆ ಎಷ್ಟು ಚೀಲ ಹೆಚ್ಚೀತು ಎಂದು ಕೇಳಿದರೆ, ಸದ್ಯಕ್ಕೆ ಒಂದು ಹಿಡಿಯೂ ಇಲ್ಲವೆಂದೇ ಹೇಳಬೇಕು. ಅಮೈನೋ ಆಮ್ಲದ ಸಿಂಪರಣಾ ದ್ರಾವಣಗಳು 2021ರಿಂದ ಜೈವಿಕ ಉತ್ತೇಜಕಗಳೆಂದು ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ಬಂದಿವೆ. ಅವುಗಳ ಗುಣವನ್ನು ಹೊಲದ ಪ್ರಯೋಗದಿಂದ ಅಳೆಯಬೇಕೇ ಹೊರತು ಲೇಸರಿನ ಹೆಸರು ಹೇಳಿ ಮಾರುವವರ ಮಾತಿನಿಂದಲ್ಲ.

ಮಣ್ಣಿಗೆ ಸಂಬಂಧಿಸಿದ ಒಂದು ಸರದ ಕಥೆ ಮಾತ್ರ ಗಮನಾರ್ಹ. ಗ್ರಾಮಿಸಿಡಿನ್ ಎಸ್ ಎಂಬುದು ಹತ್ತು ಮಣಿಗಳು ಉಂಗುರದಂತೆ ಕೂಡಿದ ಪೆಪ್ಟೈಡ್. 1942ರಲ್ಲಿ ಸೋವಿಯತ್ ವಿಜ್ಞಾನಿಗಳು ಮಣ್ಣಿನ ಬ್ಯಾಕ್ಟೀರಿಯಾವೊಂದರಿಂದ ಬೇರ್ಪಡಿಸಿದ ರೋಗಾಣುನಾಶಕ. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ರಿಜ್ಜೊ ಮತ್ತು ಸಂಗಡಿಗರು ಇದರ ದ್ರಾವಣವನ್ನು ವಿದ್ಯುತ್ ಬಲದಿಂದ ಸೂಜಿಮೊನೆಯಲ್ಲಿ ತುಂತುರಾಗಿಸಿ, ವಿದ್ಯುದಂಶ ಪಡೆದ ಅಣುಗಳನ್ನು ತಣ್ಣನೆಯ ಬಲೆಯಲ್ಲಿ ಹಿಡಿದು ರೋಹಿತ ತೆಗೆದರು. ಬಳಿಕ, ಕಳೆದಿದ್ದ ನೀರನ್ನು ಅಣು ಅಣುವಾಗಿ ಮರಳಿ ಕೊಟ್ಟು ನೋಡಿದರು. 2012ರಲ್ಲಿ ಪ್ರಕಟವಾದ ಆ ಫಲಿತಾಂಶದ ಪ್ರಕಾರ, ಒಳಗಿನ ಒಂದು ಬಂಧ ಕಳಚಿ ಆಕಾರವೇ ಬದಲಾಗಲು ನೀರಿನ ಎರಡು ಅಣುಗಳು ಸಾಕಾದವು.