ಊರ ಕಾನಿನಲ್ಲಿ ಅಡಗಿರುವ ಹಕ್ಕಿಗಳು

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹರೂಪ)



ಕಾಡುಹಕ್ಕಿಗಳನ್ನು ನೋಡಬೇಕಾದರೆ ದೂರದ ಅಭಯಾರಣ್ಯಕ್ಕೇ ಹೋಗಬೇಕೆಂಬ ಭಾವನೆ ಹಲವರಲ್ಲಿದೆ. ಮಲೆನಾಡಿನ ಮಟ್ಟಿಗೆ ಇದು ಸರಿಯಲ್ಲ. ಊರಂಚಿನ ಕಾನು, ದೇವರಕಾಡು, ಸೊಪ್ಪಿನಬೆಟ್ಟ, ಪಟ್ಟಣದ ಹಳೆಯ ಮರಗಳ ಉದ್ಯಾನ ಇವೆಲ್ಲವೂ ಅಂಜುಬುರುಕ ಹಕ್ಕಿಗಳಿಗೆ ಆಶ್ರಯ ನೀಡಬಲ್ಲವು. ಅವು ಕಣ್ಣಿಗೆ ಬೀಳದಿರಲು ಎಷ್ಟೋ ಬಾರಿ ಹುಡುಕುವ ಹೊತ್ತು ಮತ್ತು ಹುಡುಕುವ ಜಾಗ ತಪ್ಪಿರುವುದೇ ಕಾರಣ.

ನವರಂಗವನ್ನೇ ತೆಗೆದುಕೊಳ್ಳಬಹುದು. ಗೊರವಂಕಕ್ಕಿಂತ ಚಿಕ್ಕದಾದ, ಮೋಟುಬಾಲದ ಈ ಹಕ್ಕಿಯ ಬೆನ್ನು ಹಸಿರು, ರೆಕ್ಕೆಯಲ್ಲಿ ಹೊಳೆವ ನೀಲಿ, ಬಾಲದ ಬುಡದಡಿಯಲ್ಲಿ ಕೆಂಪು. ಹಿಮಾಲಯದ ತಪ್ಪಲು ಹಾಗೂ ಮಧ್ಯ ಮತ್ತು ಪಶ್ಚಿಮ ಭಾರತದ ಕಾಡುಗಳಲ್ಲಿ ಮರಿಮಾಡಿ, ಚಳಿಗಾಲಕ್ಕೆ ದಕ್ಷಿಣ ಭಾರತಕ್ಕೂ ಶ್ರೀಲಂಕಾಕ್ಕೂ ಬರುತ್ತದೆ. ರಾತ್ರಿ ಪಯಣಿಸುವ ಇದು ದಣಿದು, ದೀಪದ ಬೆಳಕಿಗೆ ಮರುಳಾಗಿ ಮನೆಯ ಜಗಲಿಗೆ ಬಂದು ಬೀಳುವುದೂ ಉಂಟು. ಇಷ್ಟು ಬಣ್ಣವಿದ್ದರೂ ನೆರಳಿನ ನೆಲದಲ್ಲಿ ಅದು ಕಾಣುವುದಿಲ್ಲ. ಮುಂಜಾನೆ ಮತ್ತು ಮುಸ್ಸಂಜೆ ಎರಡು ಸ್ವರದ ಸಿಳ್ಳು ಹಾಕುತ್ತದೆ. ತಮಿಳರು ಇದನ್ನು 'ಆರುಮಣಿ ಕುರುವಿ', ಅಂದರೆ ಆರು ಗಂಟೆಯ ಹಕ್ಕಿ, ಎಂದು ಕರೆಯುವುದು ಇದರಿಂದಲೇ. ಸಿಳ್ಳು ಕೇಳಿದ ದಿಕ್ಕಿನಲ್ಲಿ ಅಲುಗದೆ ಕುಳಿತು ನೆಲದ ತರಗೆಲೆಯನ್ನು ಗಮನಿಸಬೇಕು. ಎಲೆಗಳನ್ನು ಕೊಕ್ಕಿನಿಂದ ಮಗುಚುತ್ತ, ಕುಪ್ಪಳಿಸುತ್ತ ಅದು ತಾನಾಗಿ ಹೊರಬರುತ್ತದೆ.

ದಟ್ಟ ಕಾನಿನ ಕಾಕರಣೆ ಹಕ್ಕಿಯ ಉಪಾಯ ಬೇರೆ. ಗಂಡಿನ ಎದೆ ಕಡುಗೆಂಪು. ಆದರೆ ಮನುಷ್ಯರ ಸುಳಿವು ಸಿಕ್ಕಿದೊಡನೆ ಅದು ಮಂಕು ಕಂದುಬಣ್ಣದ ಬೆನ್ನನ್ನು ತಿರುಗಿಸಿ ನಿಶ್ಚಲವಾಗಿ ಕುಳಿತುಬಿಡುತ್ತದೆ. ಕಪ್ಪೆಬಾಯಿ ಹಕ್ಕಿಯಂತೂ ಹಗಲಿಡೀ ಒಣಗಿದ ಎಲೆಯ ಗೊಂಚಲಿನಂತೆ, ಹೆಚ್ಚಾಗಿ ಜೋಡಿಯಾಗಿ, ಕೊಂಬೆಯ ಮೇಲೆ ಕುಳಿತಿರುತ್ತದೆ. ಇಂಥವುಗಳನ್ನು ಅಲೆದಾಡಿ ಹುಡುಕುವುದಕ್ಕಿಂತ ಒಂದೆಡೆ ನಿಂತು ಕಿವಿಗೊಡುವುದು ಮೇಲು. ಭೀಮರಾಜನ ದನಿ ಕೇಳಿದರೆ ಅಲ್ಲಿಯೇ ಕಾಯಬೇಕು. ಅದರ ಜೊತೆಗೆ ಮರಕುಟಿಗ, ಹರಟೆಮಲ್ಲ ಮುಂತಾದ ಹಲವು ಜಾತಿಯ ಹಕ್ಕಿಗಳು ಗುಂಪುಗೂಡಿ ಹುಳು ಹಿಡಿಯುತ್ತ ಸಾಗುವುದು ಸಾಮಾನ್ಯ.

ಇಲ್ಲಿ ರೈತರು ಗಮನಿಸಬೇಕಾದ ಮುಖ್ಯ ವಿಷಯವೊಂದಿದೆ. ನವರಂಗದ ಊಟ ತರಗೆಲೆಯ ಅಡಿಯಲ್ಲಿದೆ. ಒದ್ದೆಯಾದ ಎಲೆಯನ್ನು ಶಿಲೀಂಧ್ರಗಳು ಮೆದುಗೊಳಿಸುತ್ತವೆ. ಗೆದ್ದಲು, ಸಹಸ್ರಪದಿ, ಎರೆಹುಳು ಅದನ್ನು ತಿಂದು ಮಣ್ಣಾಗಿಸುತ್ತವೆ. ಈ ಜೀವಿಗಳನ್ನೂ ಇವುಗಳನ್ನು ಬೇಟೆಯಾಡುವ ಜೀರುಂಡೆಗಳನ್ನೂ ಹಕ್ಕಿ ತಿನ್ನುತ್ತದೆ. ಮಣ್ಣಿನ ಫಲವತ್ತತೆ ಮತ್ತು ಹಕ್ಕಿಯ ಅನ್ನ ಒಂದೇ ಪದರದಲ್ಲಿವೆ. ಕಾಕರಣೆಗೆ ಬೇಕಾದುದು ಸತ್ತು ಕೊಳೆತ ಮರದ ಮೋಟು. ಮೆತ್ತಗಾದ ಮರವನ್ನು ಗಂಡುಹೆಣ್ಣುಗಳೆರಡೂ ಕೊರೆದು ಗೂಡು ಮಾಡುತ್ತವೆ. ಆ ಮೋಟು ಒಲೆಗೆ ಹೋದರೆ ಒಂದು ಸಂಸಾರದ ನೆಲೆಯೇ ಹೋದಂತೆ.

ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನಬೆಟ್ಟದ ಸೌಲಭ್ಯ ಬ್ರಿಟಿಷರ ಕಾಲದಿಂದ ಬಂದಿದೆ. ತೋಟಕ್ಕೆ ದರಕು ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಇಡೀ ಬೆಟ್ಟವನ್ನು ಪ್ರತಿವರ್ಷ ನೆಲ ಕಾಣುವಂತೆ ಗುಡಿಸಿದರೆ ಮಳೆಯ ಹೊಡೆತಕ್ಕೆ ಮೇಲ್ಮಣ್ಣು ತೊಳೆದುಹೋಗುತ್ತದೆ, ಬೆಟ್ಟವೂ ಬಡವಾಗುತ್ತದೆ. ಬೆಟ್ಟವನ್ನು ಮೂರು ಪಾಲು ಮಾಡಿ ಸರದಿಯಂತೆ ಒಂದನ್ನು ಗುಡಿಸದೆ ಬಿಡಬಹುದು. ಹಳ್ಳದ ಇಕ್ಕೆಲದ ತರಗೆಲೆಯನ್ನು ಮುಟ್ಟದಿರಬಹುದು. ಬೆಂಕಿಯನ್ನಂತೂ ಹಾಕಲೇಬಾರದು. ಉದ್ಯಾನಗಳಲ್ಲಿಯೂ ಸ್ವಚ್ಛತೆಯ ಹೆಸರಿನಲ್ಲಿ ಎಲೆಯನ್ನೆಲ್ಲ ಗುಡಿಸಿ ಸುಡುವ ಬದಲು, ಪೊದೆಗಳಿರುವ ಒಂದು ಮೂಲೆಯನ್ನು ಹಾಗೆಯೇ ಉಳಿಸುವಂತೆ ಕೇಳಬೇಕು.

ಹಕ್ಕಿಯನ್ನು ಹುಡುಕುವವರಿಗೂ ಕೆಲವು ಕಟ್ಟುಪಾಡುಗಳಿವೆ. ಮೊಬೈಲಿನಲ್ಲಿ ಹಕ್ಕಿಯ ಕೂಗನ್ನು ಕೇಳಿಸಿ ಹೊರಗೆಳೆಯುವ ಅಭ್ಯಾಸ ಹೆಚ್ಚಿದೆ. ತನ್ನ ನೆಲೆಗೆ ಎದುರಾಳಿ ಬಂದನೆಂದು ಬಗೆದು ಹಕ್ಕಿ ಆಹಾರ ಹುಡುಕುವುದನ್ನೂ ಮರಿಗಳನ್ನೂ ಬಿಟ್ಟು ಬರುತ್ತದೆ. ಹಗಲು ಮಲಗಿದ ಕಪ್ಪೆಬಾಯಿಯ ಮುಖಕ್ಕೆ ಫ್ಲ್ಯಾಶ್ ಹಾಯಿಸುವುದೂ, ಫೋಟೋಕ್ಕಾಗಿ ಗೂಡಿನ ಮರೆಯ ಕೊಂಬೆ ಕಡಿಯುವುದೂ ತರವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದನ್ನೂ ಗೂಡನ್ನು ಕೆದಕುವುದನ್ನೂ 'ಬೇಟೆ'ಯ ವ್ಯಾಖ್ಯೆಯೊಳಗೇ ಸೇರಿಸಿದೆ. ಗೂಡಿರುವ ಜಾಗವನ್ನು ಎಲ್ಲರಿಗೂ ಸಾರದಿರುವುದು ಒಳ್ಳೆಯದು.

ಕಂಡದ್ದನ್ನೂ ಕೇಳಿದ್ದನ್ನೂ ದಿನಾಂಕ, ಹೊತ್ತು, ಸ್ಥಳದೊಂದಿಗೆ ಬರೆದಿಡಬೇಕು. 2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ 942 ಜಾತಿಗಳನ್ನು ಪರಿಶೀಲಿಸಿತು. ಅದರ ಆಧಾರ ಸುಮಾರು 30,000 ಪಕ್ಷಿವೀಕ್ಷಕರು ದಾಖಲಿಸಿದ ಟಿಪ್ಪಣಿಗಳು. ಪ್ರತಿ ಫೆಬ್ರವರಿಯಲ್ಲಿ ನಡೆಯುವ ಹಿತ್ತಲ ಹಕ್ಕಿಗಣತಿಯಲ್ಲಿ ಹದಿನೈದು ನಿಮಿಷ ಕುಳಿತು ಮಾಡಿದ ಪಟ್ಟಿಗೂ ಬೆಲೆಯಿದೆ. ಶಾಲೆಯೊಂದು ತನ್ನ ಊರಿನ ಕಾನನ್ನು ಹತ್ತು ವರ್ಷ ಹೀಗೆ ಗಮನಿಸಿದರೆ, ನಾಳೆ ಆ ಕಾನಿನ ಮೇಲೆ ರಸ್ತೆಯೋ ಕಟ್ಟಡವೋ ಬರುವಾಗ ಗ್ರಾಮಸಭೆಯ ಮುಂದಿಡಲು ಲಿಖಿತ ದಾಖಲೆಯೊಂದು ಊರಿನ ಕೈಯಲ್ಲಿರುತ್ತದೆ.

ಈ ಚಳಿಗಾಲದಲ್ಲಿ ಪ್ರತಿ ಊರಿನವರೂ ತಮ್ಮ ಕಾನಿನ ಒಂದು ಮೂಲೆಯನ್ನು ಗುಡಿಸದೆ ಬಿಟ್ಟು, ಮುಸ್ಸಂಜೆಯ ಆರು ಗಂಟೆಗೆ ಅಲ್ಲಿ ಕಿವಿಗೊಟ್ಟು ಕುಳಿತುಕೊಳ್ಳಲಿ ಎಂಬುದೇ ಕೋರಿಕೆ.